ಹನ್ನೆರಡನೇ ಅಧ್ಯಾಯಕ್ಕೆ ಮೊದಲು

— ಹನ್ನೊಂದನೇ ಅಧ್ಯಾಯದವರೆಗೆ ಓದಿದೆ. ಮುಂದಿನದೆಲ್ಲಿ?

— ಬರೆದಿಲ್ಲ. ಅಲ್ಲೇ ನಿಂತಿದೆ.

— ವಾದಿಯಲ್ಲಿ, ಆ ಒಣ ಹಳ್ಳದಲ್ಲಿ, ನೀರು ಬಂತು, ಹುಡುಗಿ ಆಚೆ ದಡದ ಕಡೆ ಓಡಿದಳು, ಅಷ್ಟಕ್ಕೆ ಕೈಬಿಟ್ಟಿದ್ದೀರಿ. ರಾತ್ರಿ ನಿದ್ದೆ ಬರಲಿಲ್ಲ ನನಗೆ.

— ಅವಳು ಬದುಕಬೇಕೋ ಸಾಯಬೇಕೋ ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೇ ನಿಮ್ಮ ಕೈಗೆ ಕೊಟ್ಟದ್ದು. ಶುಕ್ರವಾರ ಬಂತೆಂದರೆ ಇದೇ ವಯಸ್ಸಿನ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಕಲಿಸುತ್ತೀರಿ. ಅವರು ಎಷ್ಟನ್ನು ತಡೆದುಕೊಳ್ಳುತ್ತಾರೆ ಅನ್ನುವುದು ನಿಮಗೆ ಗೊತ್ತಿರುತ್ತದೆ.

— ತಡೆದುಕೊಳ್ಳುವ ಮಾತು ಆಮೇಲೆ ಆಡೋಣ. ಅವಳು ಸಾಯಬೇಕು ಅಂತ ನಿಮಗೆ ಯಾಕೆ ಅನ್ನಿಸಿತು? ಅದನ್ನು ಮೊದಲು ಹೇಳಿ.

— ನೀರಿನಿಂದಾಗಿ ಅನ್ನಿಸಿತು. ಇಲ್ಲಿ ಒಮಾನಿನಲ್ಲಿ ವಾದಿ ಹೇಗೆ ಬರುತ್ತದೆ ಅಂತ ನೀವೂ ನೋಡಿದ್ದೀರಿ. ನಾವು ನಿಂತಲ್ಲಿ ಬಿಸಿಲು. ಮಳೆ ಸುರಿಯುವುದು ಎಲ್ಲೋ ದೂರದ ಹಜರ್ ಬೆಟ್ಟಗಳಲ್ಲಿ. ಬೋಳು ಕಲ್ಲಿನ ಬೆಟ್ಟ, ಹೀರಿಕೊಳ್ಳುವುದಕ್ಕೆ ಮಣ್ಣೂ ಇಲ್ಲ, ತಡೆಯುವುದಕ್ಕೆ ಬೇರೂ ಇಲ್ಲ. ಬಿದ್ದದ್ದೆಲ್ಲ ಒಟ್ಟಿಗೇ ಇಳಿದು ಬರುತ್ತದೆ. ನಮ್ಮ ಕಡೆ ಪಯಸ್ವಿನಿ, ನೇತ್ರಾವತಿ ಜೂನ್ ತಿಂಗಳಿನಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ, ದಡದವರು ಪಾತ್ರೆ ಪಗಡಿ ಮೇಲಕ್ಕೆ ಸಾಗಿಸುವಷ್ಟು ಹೊತ್ತು ಕೊಡುತ್ತವೆ. ವಾದಿ ಆ ಹೊತ್ತು ಕೊಡುವುದಿಲ್ಲ. ವರ್ಷವಿಡೀ ಒಣಗಿ ಕಾರು ನಿಲ್ಲಿಸುವ ಜಾಗವಾಗಿದ್ದದ್ದು ಕಣ್ಣೆದುರೇ ಹೊಳೆಯಾಗುತ್ತದೆ. ಅಂಥ ನೀರಿನಿಂದ ಹದಿನಾಲ್ಕರ ಹುಡುಗಿ ಈಜಿ ಪಾರಾದಳು ಎಂದು ಬರೆದರೆ ನೀರಿನ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆ. ಓದಿದ ಮಕ್ಕಳು ಆ ಸುಳ್ಳನ್ನು ನಂಬಿ ನಾಳೆ ವಾದಿಗೆ ಇಳಿದರೆ?

— ಹಾಗಿದ್ದರೆ ನೀವು ಅವಳನ್ನು ಸಾಯಿಸುವುದು ಎಚ್ಚರಿಕೆ ಕೊಡುವುದಕ್ಕೆ.

— ಅದೂ ಒಂದು ಕಾರಣ.

— ಆ ಕಾರಣವನ್ನು ಬಿಟ್ಟುಬಿಡಿ. ಹರಿಯುವ ವಾದಿ ದಾಟಿದರೆ ಈ ದೇಶದಲ್ಲಿ ದಂಡವಿದೆ, ಜೈಲೂ ಇದೆ. ಮಳೆ ಬರುವ ಮುಂಚೆ ಪೊಲೀಸರು ಎಚ್ಚರಿಕೆ ಕೊಡುತ್ತಾರೆ. ಆ ಕೆಲಸವನ್ನು ಅವರು ನಿಮಗಿಂತ ಚೆನ್ನಾಗಿ ಮಾಡುತ್ತಿದ್ದಾರೆ. ನೀವು ಕಾದಂಬರಿಯಲ್ಲಿ ಒಬ್ಬಳನ್ನು ಮುಳುಗಿಸಿ, ಹೇಳಿದ ಮಾತು ಕೇಳದಿದ್ದರೆ ಹೀಗಾಗುತ್ತದೆ ಅಂತ ತೋರಿಸಿದರೆ, ಆ ಸಾವು ಶಿಕ್ಷೆಯಾಗುತ್ತದೆ. 2024ರ ಏಪ್ರಿಲ್ 14 ನೆನಪಿದೆಯೇ?

— ಸಮದ್ ಅಲ್ ಶಾನ್.

— ಅದೇ. ಉತ್ತರ ಶರ್ಕಿಯಾದ ಆ ಊರಿನಲ್ಲಿ ಶಾಲೆಯ ಮಕ್ಕಳಿದ್ದ ವಾಹನವನ್ನು ವಾದಿ ಎಳೆದುಕೊಂಡು ಹೋಯಿತು. ಆ ಮಕ್ಕಳು ಯಾರ ಮಾತನ್ನೂ ಮೀರಿರಲಿಲ್ಲ. ಅದಾದ ಶುಕ್ರವಾರ ತರಗತಿಯಲ್ಲಿ ನನಗೆ ಪಾಠ ಮಾಡುವುದಕ್ಕಾಗಲಿಲ್ಲ. ಒಬ್ಬ ಹುಡುಗ ಕೇಳಿದ: ಸರ್, ಅವರ ಬ್ಯಾಗುಗಳು ಸಿಕ್ಕಿದವಾ? ಸಾವಿನ ಬಗ್ಗೆ ಮಕ್ಕಳು ಕೇಳುವುದೇ ಹೀಗೆ. ಹೋದವರ ಆತ್ಮ ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದಿಲ್ಲ, ಬ್ಯಾಗು ಎಲ್ಲಿ ಅಂತ ಕೇಳುತ್ತಾರೆ. ನಿಮ್ಮ ಪುಸ್ತಕ ಹೋಗುವುದು ಅಂಥ ಮಕ್ಕಳ ಕೈಗೆ. ಅದರೊಳಗಿನ ನೀರು ತಪ್ಪು ಮಾಡಿದವರನ್ನು ಹುಡುಕಿ ಹುಡುಕಿ ಎಳೆದುಕೊಳ್ಳುವ ನೀರಾದರೆ, ಸಮದ್ ಅಲ್ ಶಾನಿನ ಮಕ್ಕಳ ಮೇಲೂ ಒಂದು ಅಪವಾದ ಹೊರಿಸಿದ ಹಾಗೆ.

— ಒಪ್ಪಿದೆ. ಆದರೆ ಇದೇ ಮಾತಿನಿಂದ ಇನ್ನೊಂದು ಹೊರಡುತ್ತದೆ. ತಪ್ಪಿಲ್ಲದ ಮಕ್ಕಳನ್ನೂ ಬಿಡದ ನೀರು ನನ್ನ ನಾಯಕಿಯನ್ನು ಮಾತ್ರ ಬಿಟ್ಟಿತು ಅಂತ ಹೇಗೆ ಬರೆಯಲಿ? ಅವಳು ನನ್ನವಳು, ಅದಕ್ಕೆ ಬಿಟ್ಟಿತು ಎಂದೇ?

— ಇದು ಗಟ್ಟಿ ಪ್ರಶ್ನೆ. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಒಂದು ಬೇರೆ ವಿಷಯ. ನಿಮ್ಮ ಕಾದಂಬರಿಯಲ್ಲಿ ಹುಡುಗಿಯೇ ‘ನಾನು’ ಅಂತ ಕಥೆ ಹೇಳುತ್ತಿದ್ದಾಳೆ. ಅವಳು ಸತ್ತರೆ ಹೇಳುವವರು ಯಾರು?

— ಅಮೆರಿಕದಲ್ಲಿ ವೆರೋನಿಕಾ ರಾತ್ ಎಂಬ ಲೇಖಕಿ ಹಾಗೇ ಮಾಡಿದ್ದಾರೆ. ‘ಡೈವರ್ಜೆಂಟ್’ ಸರಣಿಯ ಮೊದಲೆರಡು ಪುಸ್ತಕ ಪೂರ್ತಿ ಟ್ರಿಸ್ ಎಂಬ ಹುಡುಗಿಯ ಬಾಯಲ್ಲಿ ನಡೆಯುತ್ತವೆ. 2013ರಲ್ಲಿ ಬಂದ ಮೂರನೆಯದರಲ್ಲಿ ಒಂದು ಅಧ್ಯಾಯ ಅವಳದು, ಇನ್ನೊಂದು ಅವಳ ಗೆಳೆಯನದು. ಕೊನೆಯ ಹೊತ್ತಿಗೆ ಅವಳು ಸಾಯುತ್ತಾಳೆ, ಅವನು ಕಥೆ ಮುಗಿಸುತ್ತಾನೆ. ಎಷ್ಟೋ ಮಕ್ಕಳು ಸಿಟ್ಟಿಗೆದ್ದರು.

— ನನ್ನ ತರಗತಿಯಲ್ಲೂ ಅದನ್ನು ಓದಿದವರಿದ್ದಾರೆ. ಒಬ್ಬಳಿಗೆ ಸಾವಿನ ಬಗ್ಗೆ ಸಿಟ್ಟಿರಲಿಲ್ಲ. ಎರಡನೇ ಧ್ವನಿ ಶುರುವಾದಾಗಲೇ ತನಗೆ ಗೊತ್ತಾಗಿಹೋಯಿತು ಅಂದಳು. ಲೇಖಕಿ ಮೊದಲೇ ಏಣಿ ತಂದಿಟ್ಟದ್ದು ಕಾಣಿಸಿತು ಅಂತ. ಹದಿನಾಲ್ಕರ ಓದುಗರಿಂದ ಏಣಿ ಬಚ್ಚಿಡುವುದು ಸುಲಭವಲ್ಲ.

— ಕನ್ನಡದಲ್ಲಾದರೆ ಈ ಚರ್ಚೆಯೇ ಇಲ್ಲ. ಮಕ್ಕಳ ಪುಸ್ತಕ ಎಂದರೆ ಸಾವು ಇರಬಾರದು ಅಂತ ಎಲ್ಲರೂ ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ.

— ಯಾರು ಹೇಳಿದರು ನಿಮಗೆ? ಕನ್ನಡದ ಮಗು ಮೊದಲು ಕೇಳುವ ದೊಡ್ಡ ಕಥೆ ಯಾವುದು?

— ಗೋವಿನ ಹಾಡು.

— ಅದರ ಕೊನೆಗೆ ಏನಾಗುತ್ತದೆ? ಪುಣ್ಯಕೋಟಿ ಕೊಟ್ಟ ಮಾತಿಗೆ ವಾಪಸು ಬರುತ್ತಾಳೆ, ಹುಲಿ ತಿನ್ನುವುದಿಲ್ಲ. ನಾಯಕಿ ಬದುಕಿದಳು. ಸತ್ತದ್ದು ಆ ಹುಲಿ, ಅರ್ಭುತ. ಕಥೆ ಸಾವನ್ನು ತಪ್ಪಿಸಲಿಲ್ಲ, ಜಾಗ ಬದಲಿಸಿತು. ಐದಾರು ವರ್ಷದ ಮಕ್ಕಳಿಗೆ ಇದನ್ನು ನಾವು ತಲೆತಲಾಂತರದಿಂದ ಹೇಳುತ್ತ ಬಂದಿದ್ದೇವೆ, ಯಾರೂ ಹೆದರಿಲ್ಲ. ಇಲ್ಲಿ ರೂವಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ನಾನು ಅದನ್ನು ಹಾಡಿಸುತ್ತೇನೆ. ಹಸುವನ್ನು ಹತ್ತಿರದಿಂದ ನೋಡದವರು, ಹುಲಿಯನ್ನಂತೂ ಕೇಳಬೇಡಿ. ಪ್ರತಿ ಸಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಹುಲಿ ಯಾಕೆ ಸಾಯಬೇಕಿತ್ತು? ಅದಕ್ಕೆ ಹಸಿವಾಗಿತ್ತು ಅಷ್ಟೆ. ನಾನು ಉತ್ತರ ಕೊಡುವುದಿಲ್ಲ, ಕೇಳಲಿ ಅಂತ ಬಿಡುತ್ತೇನೆ. ಆ ಕಥೆ ಇಷ್ಟು ಕಾಲ ಬಾಳಿದ್ದು ಪುಣ್ಯಕೋಟಿಯ ಸತ್ಯದಿಂದ ಎಷ್ಟೋ, ಈ ಪ್ರಶ್ನೆಯಿಂದಲೂ ಅಷ್ಟೇ ಅಂತ ನನ್ನ ನಂಬಿಕೆ.

— ನಮ್ಮೂರ ಕಡೆ ಯಕ್ಷಗಾನದಲ್ಲಿ ಅಭಿಮನ್ಯು ಕಾಳಗ ನೋಡುತ್ತ ಬೆಳೆದವಳು ನಾನು. ಬೆಳಗಿನ ಜಾವದ ಹೊತ್ತಿಗೆ ಹದಿನಾರರ ಹುಡುಗನನ್ನು ಎಲ್ಲರೂ ಸೇರಿ ಕೊಲ್ಲುತ್ತಾರೆ. ಮಕ್ಕಳೆಲ್ಲ ಎಚ್ಚರವಾಗಿಯೇ ಇರುತ್ತಿದ್ದೆವು. ನಮ್ಮನ್ನು ಯಾರೂ ಎದ್ದು ಹೋಗಿ ಅನ್ನುತ್ತಿರಲಿಲ್ಲ.

— ಯಾಕೆ ಗೊತ್ತೇ? ಮಹಾಭಾರತ ಅಭಿಮನ್ಯುವನ್ನು ಕೊಂದು ಅಲ್ಲಿಗೇ ಕೈತೊಳೆದುಕೊಳ್ಳುವುದಿಲ್ಲ. ಆ ರಾತ್ರಿಯೇ ಅರ್ಜುನನ ಪ್ರತಿಜ್ಞೆ, ಮರುದಿನ ಸೂರ್ಯ ಮುಳುಗುವುದರೊಳಗೆ ಸೈಂಧವನ ತಲೆ. ಅದಕ್ಕಿಂತ ಮುಖ್ಯವಾಗಿ ಸುಭದ್ರೆ ಇದ್ದಾಳೆ, ಉತ್ತರೆ ಇದ್ದಾಳೆ, ಉತ್ತರೆಯ ಹೊಟ್ಟೆಯಲ್ಲಿ ಪರೀಕ್ಷಿತನಿದ್ದಾನೆ. ಯುದ್ಧ ಮುಗಿದು ರಾಜ್ಯ ಹೋಗಿ ಸೇರುವುದು ಯಾರ ಕೈಗೆ? ಆ ಸತ್ತ ಹುಡುಗನ ಮಗನ ಕೈಗೆ. ಅಷ್ಟು ದೂರದವರೆಗೆ ಕಥೆ ಅವನ ಸಾವನ್ನು ಹೊತ್ತುಕೊಂಡು ನಡೆಯುತ್ತದೆ. ನೀವು ಎಷ್ಟು ದೂರ ಹೊರುತ್ತೀರಿ?

— ಕೊನೆಯ ಅಧ್ಯಾಯದಲ್ಲಿ ಸಾಯಿಸುವುದು ನನ್ನ ಯೋಚನೆಯಾಗಿತ್ತು. ಹನ್ನೆರಡನೆಯದೇ ಕೊನೆಯದು.

— ಅದೇ ನನಗೆ ಹೆದರಿಕೆ.

— ಇನ್ನೊಂದು ದಾರಿಯೂ ಹೊಳೆದಿದೆ. ಅದನ್ನೂ ಹೇಳುತ್ತೇನೆ, ನಿಮಗೆ ಆಗಲೇ ಅಂದಾಜಾಗಿರಬಹುದು. ಬದುಕಿದಳೋ ಇಲ್ಲವೋ ಹೇಳದೇ ನಿಲ್ಲಿಸುವುದು. ಜಹ್ರಾನ್ ಅಲ್ ಖಾಸ್ಮಿ ಮಾಡಿದ ಹಾಗೆ.

— ‘ತಗ್ರೀಬತ್ ಅಲ್ ಖಾಫಿರ್’. ಅದನ್ನು ನನಗೆ ಒಮಾನಿ ಗೆಳೆಯರೊಬ್ಬರು ಸಂಜೆ ಸಂಜೆ ಕೂತು ವಿವರಿಸುತ್ತ ದಾಟಿಸಿದರು. ಪತ್ರಿಕೆ ಓದುವಷ್ಟು ಅರಬ್ಬಿಯಿಂದ ಕಾದಂಬರಿ ಓದುವುದಕ್ಕಾಗುವುದಿಲ್ಲ. 2023ರಲ್ಲಿ ಅರಬ್ಬಿ ಕಾದಂಬರಿಗಳ ಅಂತಾರಾಷ್ಟ್ರೀಯ ಪ್ರಶಸ್ತಿ ಅದಕ್ಕೆ ಬಂತು, ಆ ಪ್ರಶಸ್ತಿ ಪಡೆದ ಮೊದಲ ಒಮಾನಿ ಖಾಸ್ಮಿಯೇ. ಅದಕ್ಕೆ ನಾಲ್ಕು ವರ್ಷ ಮೊದಲು ಜೋಖಾ ಅಲ್ ಹಾರ್ತಿಗೆ ಮ್ಯಾನ್ ಬುಕರ್ ಅಂತಾರಾಷ್ಟ್ರೀಯ ಪ್ರಶಸ್ತಿ ಬಂದಾಗಲೂ ಆ ಗೆಳೆಯರ ಮುಖದಲ್ಲಿ ಇದೇ ಹೆಮ್ಮೆ ಕಂಡಿದ್ದೆ. ನಿಮ್ಮ ಕಾದಂಬರಿಯ ಮೇಲೆ ಖಾಸ್ಮಿಯ ನೆರಳು ಬಿದ್ದದ್ದು ಎರಡನೇ ಅಧ್ಯಾಯದಲ್ಲೇ ಗೊತ್ತಾಯಿತು. ನೆರಳು ಅಂತ ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ.

— ಖಾಸ್ಮಿಯ ಹುಡುಗ ಸಾಲಿಂ ಹುಟ್ಟುವುದೇ ಬಾವಿಗೆ ಬಿದ್ದು ಸತ್ತ ತಾಯಿಯ ಹೊಟ್ಟೆಯಿಂದ. ನೆಲಕ್ಕೆ ಕಿವಿಯಿಟ್ಟರೆ ಅವನಿಗೆ ಒಳಗಿನ ನೀರು ಕೇಳುತ್ತದೆ. ಅವನ ಅಪ್ಪ ಫಲಜ್ ಎಂಬ ನೀರಿನ ಸುರಂಗದ ಮಾಡು ಕುಸಿದು ಸತ್ತವನು. ಕೊನೆಗೆ ಸಾಲಿಂ ಕೂಡ ನೀರು ಹುಡುಕುತ್ತ ಹೋಗಿ ಫಲಜ್‌ನೊಳಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ಹೊರಗೆ ಹೆಂಡತಿ ಕಾಯುತ್ತಿದ್ದಾಳೆ. ಇದನ್ನು ಓದಿದಾಗ ನನ್ನ ಎದೆ ಹಿಂಡಿತು, ಯಾಕೆಂದರೆ ನಾನು ಸುರಂಗದ ನೀರು ಕುಡಿದು ಬೆಳೆದವಳು. ಬಾಯಾರು, ಪಡ್ರೆ, ಎಣ್ಮಕಜೆಯ ಮುರಕಲ್ಲಿನ ಗುಡ್ಡಗಳಲ್ಲಿ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ ಕೊರೆದು, ಒಳಗಿನ ಒರತೆಯನ್ನು ಹೊರಗೆ ತರುತ್ತಿದ್ದರಲ್ಲ, ಅದು. ಒಳಗೆ ಹೋಗುವವರು ದೀಪ ಹಚ್ಚಿಕೊಂಡು ಹೋಗುತ್ತಿದ್ದರು. ದೀಪ ಕುಗ್ಗಿದರೆ ಗಾಳಿ ಇಲ್ಲ ಅಂತ ಲೆಕ್ಕ, ಹಿಂದೆ ಬರಬೇಕು. ನಿಜ್ವಾಕ್ಕೆ ಮೊದಲ ಸಲ ಹೋಗಿ ಫಲಜ್ ದಾರಿಸ್ ನೋಡಿದಾಗ, ಊರು ಬಿಟ್ಟು ಬಂದೆ ಅನ್ನುವುದೇ ಮರೆತುಹೋಯಿತು. ಬೆಟ್ಟದ ಬುಡದ ತಾಯಿಬಾವಿಯಿಂದ ಮೈಲುಗಟ್ಟಲೆ ನೆಲದಡಿ ಇಳಿಜಾರಿನಲ್ಲೇ ಬರುವ ನೀರು. ಪಂಪಿಲ್ಲ, ಯಂತ್ರವಿಲ್ಲ. ಮೊದಲು ಕುಡಿಯುವುದಕ್ಕೆ, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕಡೆಗೆ ಖರ್ಜೂರದ ತೋಟಗಳಿಗೆ. ತೋಟದವರ ಸರದಿ ಅಥರ್ ಲೆಕ್ಕದಲ್ಲಿ, ಅರ್ಧ ಗಂಟೆ ಅರ್ಧ ಗಂಟೆಯಾಗಿ. ಹಗಲಿಗೆ ನೆರಳು ನೋಡಿ ಅಳೆಯುತ್ತಿದ್ದರು, ರಾತ್ರಿಗೆ ನಕ್ಷತ್ರ ನೋಡಿ. 2006ರಲ್ಲಿ ಯುನೆಸ್ಕೊ ಇಂಥ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹರಿಯುತ್ತಿರುವವು ಇನ್ನೂ ಸುಮಾರು ಮೂರು ಸಾವಿರ ಇವೆ.

— ನಿಮ್ಮ ಹುಡುಗಿ ಬೇಸಿಗೆ ರಜೆಯಲ್ಲಿ ಅಜ್ಜನ ಸುರಂಗದೊಳಗೆ ಹೋಗುವ ಅಧ್ಯಾಯ ಪುಸ್ತಕದಲ್ಲೇ ಶ್ರೇಷ್ಠವಾದದ್ದು. ಅಜ್ಜ ಅವಳ ಕೈಗೆ ದೀಪ ಕೊಟ್ಟು ತಾನು ಹಿಂದೆ ನಿಲ್ಲುತ್ತಾರಲ್ಲ, ಅಲ್ಲಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆ.

— ಹಾಗಿದ್ದರೆ ಖಾಸ್ಮಿಯ ದಾರಿ ನನಗೂ ಆಗುತ್ತದಲ್ಲ? ನೀರು ಬಂತು, ಅವಳು ಓಡಿದಳು. ಮುಂದಿನದು ಓದುವವರಿಗೆ ಬಿಟ್ಟದ್ದು.

— ಖಾಸ್ಮಿ ಹಾಗೆ ಬಿಟ್ಟಿಲ್ಲ. ಗೆಳೆಯರು ಕಥೆ ಮುಗಿಸಿದಾಗ ನಾನು ಕೇಳಿದೆ, ಬದುಕಿದನೇ? ಅವರು ಹೇಳಿದ್ದು ಇಷ್ಟೇ: ಅವನು ಒಳಗೆ ಇನ್ನೂ ಹೋರಾಡುತ್ತಿದ್ದಾನೆ. ನೋಡಿ, ಆ ಪುಸ್ತಕ ಮೊದಲ ಪುಟದಿಂದ ಅವನನ್ನು ಅಲ್ಲಿಗೇ ಕರೆದುಕೊಂಡು ಹೋಗಿದೆ. ತಾಯಿಯನ್ನು ನೀರು ತೆಗೆದುಕೊಂಡಿತು, ಅಪ್ಪನನ್ನು ನೀರಿನ ದಾರಿ ತೆಗೆದುಕೊಂಡಿತು, ಈಗ ಅವನ ಸರದಿ. ನೀರಿನ ಜೊತೆ ಅವನ ಲೆಕ್ಕ ಪೂರ್ತಿ ತೆರೆದಿಟ್ಟ ಮೇಲೆ ಲೇಖಕರು ಅವನನ್ನು ನೀರಿನ ಕೈಗೆ ಕೊಟ್ಟು ನಿಂತಿದ್ದಾರೆ. ನಿಮ್ಮಲ್ಲಿ ಆ ಲೆಕ್ಕ ತೆರೆದಿಲ್ಲ. ನಿಮ್ಮ ಹುಡುಗಿ ವಾದಿಗೆ ಬಂದದ್ದು ಹನ್ನೊಂದನೇ ಅಧ್ಯಾಯದಲ್ಲಿ, ಗೆಳತಿಯ ಮನೆಗೆ ಹೋಗುವಾಗ. ಅಲ್ಲಿ ಬಾಗಿಲು ತೆರೆದಿಟ್ಟರೆ ನೀವು ತೀರ್ಮಾನಿಸಲಿಲ್ಲ ಅನ್ನುವುದಷ್ಟೇ ಉಳಿಯುತ್ತದೆ.

— ಹದಿಹರೆಯದವರಿಗೆ ತೆರೆದ ಕೊನೆ ಬೇಡ ಅಂತಲೇ ನಿಮ್ಮ ವಾದ?

— ಅಲ್ಲ. ಅವರಿಗೆ ಬೇಕಾದ್ದು ಬೇರೆ ಅಂತ. ಜಾನ್ ಗ್ರೀನ್ 2012ರಲ್ಲಿ ಬರೆದ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ನಿಮಗೆ ಗೊತ್ತು. ಅದರಲ್ಲಿ ಕ್ಯಾನ್ಸರ್ ಇರುವ ಹುಡುಗಿ ಹೇಜಲ್‌ಗೆ ಒಂದು ಕಾದಂಬರಿ ಪ್ರಾಣ. ಆ ಕಾದಂಬರಿ ಹೇಳುವ ಹುಡುಗಿಗೂ ಕ್ಯಾನ್ಸರ್, ಅದು ವಾಕ್ಯದ ಮಧ್ಯದಲ್ಲೇ ನಿಂತುಹೋಗುತ್ತದೆ, ಹೇಳುತ್ತಿದ್ದವಳು ಸತ್ತಳೋ ಬರೆಯಲಾರದಷ್ಟು ಸೋತಳೋ ಎಂಬಂತೆ. ಹೇಜಲ್ ಅದರ ಲೇಖಕನನ್ನು ಹುಡುಕಿಕೊಂಡು ಆಮ್‌ಸ್ಟರ್‌ಡ್ಯಾಮ್‌ವರೆಗೆ ಹೋಗುತ್ತಾಳೆ. ಕೇಳುವುದಕ್ಕೆ ಏನು? ಆ ಹುಡುಗಿಯ ತಾಯಿ ಆಮೇಲೆ ಏನಾದಳು, ಮನೆಯಲ್ಲಿದ್ದ ಸಾಕುಪ್ರಾಣಿ ಏನಾಯಿತು ಅಂತ. ತನ್ನ ಸಾವು ಎದುರಿಗಿಟ್ಟುಕೊಂಡ ಹುಡುಗಿಗೆ ಬೇಕಾದ್ದು ಉಳಿದವರ ಸುದ್ದಿ. ನಾನು ಹೇಳಿದ ಹುಡುಗ ಬ್ಯಾಗು ಕೇಳಿದ್ದೂ ಅದೇ.

— ಹಾಗಾದರೆ ಅವಳನ್ನು ಬದುಕಿಸುತ್ತೇನೆ. ಬಿಡಿ, ಇಷ್ಟು ಕಷ್ಟ ಯಾಕೆ.

— ಬದುಕಿಸುವುದು ಕಷ್ಟವಿಲ್ಲದ ದಾರಿ ಅಂದುಕೊಂಡಿರೇ? ಸಿಂದಬಾದ್ ಸೊಹಾರಿನವನು ಅಂತ ಇಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1980ರಲ್ಲಿ ಅವನ ಕಾಲದ ಮಾದರಿಯಲ್ಲೇ, ಒಂದೂ ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸೂರ್ ಪಟ್ಟಣದಲ್ಲಿ ಹಡಗು ಕಟ್ಟಿ ಚೀನಾದ ಕ್ಯಾಂಟನ್‌ವರೆಗಿನ ಯಾನಕ್ಕೆ ಹೊರಟರು. ಅಲ್ ಬುಸ್ತಾನ್ ವೃತ್ತದಲ್ಲಿ ಈಗಲೂ ಆ ಹಡಗು ನಿಂತಿದೆ. ಏಳು ಯಾನ ಮಾಡಿದರೂ ಸಿಂದಬಾದ್ ಸಾಯುವುದಿಲ್ಲ ಅಂತ ಮಕ್ಕಳಿಗೆ ಖುಷಿ. ಆದರೆ ನಾಲ್ಕನೇ ಯಾನವನ್ನು ಯಾರೂ ಮಕ್ಕಳಿಗೆ ಪೂರ್ತಿ ಹೇಳುವುದಿಲ್ಲ. ಆ ನಾಡಿನ ಪದ್ಧತಿಯಂತೆ ಸತ್ತ ಹೆಂಡತಿಯ ಜೊತೆ ಅವನನ್ನೂ ಜೀವಂತ ಗುಹೆಗೆ ಇಳಿಸುತ್ತಾರೆ. ಅವನು ಅಲ್ಲಿ ಬದುಕಿ ಉಳಿದದ್ದು ಹೇಗೆ? ತನ್ನ ಹಾಗೇ ಇಳಿಸಲ್ಪಟ್ಟವರನ್ನು ಕೊಂದು, ಅವರ ರೊಟ್ಟಿ ನೀರು ಕಿತ್ತುಕೊಂಡು. ಹಳೆಯ ಕಥೆಗಾರರು ಬದುಕಿಗೂ ಬೆಲೆ ಬರೆದಿಟ್ಟರು. ನಿಮ್ಮ ಹುಡುಗಿ ಬದುಕಿದರೆ ಆ ಬೆಲೆ ತೆರುವವರು ಯಾರು?

— ಅದನ್ನು ಯೋಚಿಸಿದ್ದೇನೆ. ಖರ್ಜೂರದ ತೋಟದಲ್ಲಿ ಕೆಲಸ ಮಾಡುವ ಬಾಂಗ್ಲಾದ ಹುಡುಗ ಇದ್ದಾನಲ್ಲ, ಹತ್ತೊಂಬತ್ತು ವರ್ಷದವನು. ಅವಳನ್ನು ದಡಕ್ಕೆ ತಳ್ಳಿ ಅವನು ಹೋಗುತ್ತಾನೆ. ಅವಳು ಬದುಕಿರುವಷ್ಟು ದಿನ ಅದನ್ನು ನೆನೆಯುತ್ತಾಳೆ. ನೀರೂ ಸುಳ್ಳಾಗುವುದಿಲ್ಲ, ನಾಯಕಿಯೂ ಉಳಿಯುತ್ತಾಳೆ. ಯಾಕೆ ಹಾಗೆ ನೋಡುತ್ತಿದ್ದೀರಿ?

— ‘ಕೆರೆಗೆ ಹಾರ’ ನಿಮಗೆ ಬಾಯಿಪಾಠ ಇದೆಯಲ್ಲ?

— ಇದೆ. ಶಾಲೆಯಲ್ಲಿ ಹಾಡಿದ್ದೇವೆ.

— ಕೆರೆ ಕಟ್ಟಿಸಿದರು, ಹನಿ ನೀರು ಬರಲಿಲ್ಲ. ಸೊಸೆಯೊಬ್ಬಳನ್ನು ಕೊಡಬೇಕು ಅಂತಾಯಿತು. ಯಾರನ್ನು? ಹಿರಿಯ ಸೊಸೆಯನ್ನು ಕೊಟ್ಟರೆ ಮನೆ ನೋಡಿಕೊಳ್ಳುವವರು ಯಾರು ಅಂತ ಲೆಕ್ಕ ಹಾಕಿ, ಕಿರಿಯ ಸೊಸೆ ಭಾಗೀರಥಿಯನ್ನು ಗೊತ್ತು ಮಾಡಿದರು. ಅವಳನ್ನು ಆರಿಸಿದ್ದು ಅವಳು ಕೆಟ್ಟವಳು ಅಂತಲ್ಲ. ಕೊಡುವುದಕ್ಕೆ ಸುಲಭವಾದವಳು ಅಂತ. ನೀವು ಈಗ ತಾನೆ ಅದೇ ಲೆಕ್ಕ ಹಾಕಿದಿರಿ.

— ...

— ಬೇಸರ ಮಾಡಿಕೊಳ್ಳಬೇಡಿ. ಇದು ನಿಮ್ಮೊಬ್ಬರ ಲೆಕ್ಕವಲ್ಲ. ಜಗತ್ತಿನ ಎಳೆಯರ ಪುಸ್ತಕಗಳಲ್ಲಿ ನಾಯಕನ ಬದಲು ಯಾರು ಸಾಯುತ್ತಾರೆ ಅಂತ ನೆನೆದು ನೋಡಿ. ಬಡ ಗೆಳೆಯ, ಮನೆಕೆಲಸದವಳು, ಕಾಯಿಲೆಯ ತಂಗಿ, ನಾಯಿ. ಪುಸ್ತಕದಲ್ಲಿ ಯಾರಿಗೆ ಕಡಿಮೆ ಪುಟ ಸಿಕ್ಕಿದೆಯೋ ಅವರು. ಆ ಬಾಂಗ್ಲಾದ ಹುಡುಗನಿಗೆ ನಿಮ್ಮ ಪುಸ್ತಕದಲ್ಲಿ ಎಷ್ಟು ಪುಟ ಇದೆ? ಎರಡು ಕಡೆ ಬಂದು ಹೋಗಿದ್ದಾನೆ. ಅವನ ತಾಯಿ ಎಲ್ಲಿದ್ದಾಳೆ ನಿಮಗೆ ಗೊತ್ತಿಲ್ಲ, ಅವನಿಗೆ ಏನು ತಿನ್ನಲು ಇಷ್ಟ ಗೊತ್ತಿಲ್ಲ. ಈ ಊರಿನ ತೋಟಗಳನ್ನೂ ಎಷ್ಟೋ ಫಲಜ್‌ಗಳನ್ನೂ ಇಂದು ಕೈಯಾರೆ ಉಳಿಸಿಕೊಂಡು ಬರುತ್ತಿರುವವರು ಅವನಂಥವರು. ಅವನ ಜೀವವನ್ನು ನಿಮ್ಮ ನಾಯಕಿಯ ಮನಸ್ಸು ದೊಡ್ಡದಾಗುವುದಕ್ಕೆ ಖರ್ಚು ಮಾಡಬೇಡಿ. ಅವನು ಸತ್ತರೆ ಅವನಿಗಾಗಿ ಸಾಯಲಿ, ಅವನ ಪುಸ್ತಕದಲ್ಲಿ. ಆ ಪುಸ್ತಕ ಬೇರೆ ಬರೆಯಿರಿ.

— ಭಾಗೀರಥಿಯ ಗಂಡನೂ ಕೊನೆಗೆ ಕೆರೆಗೆ ಹಾರುತ್ತಾನೆ.

— ಹೌದು, ಮಾದೇವರಾಯ. ದಂಡಿನಿಂದ ಬಂದು ಕೇಳಿ, ಹಾರಿಬಿಡುತ್ತಾನೆ. ಆ ಹಾಡನ್ನು ಕಟ್ಟಿದವರಿಗೆ ಗೊತ್ತಿತ್ತು, ಅವಳ ಸಾವು ನೀರು ತಂದ ಪುಣ್ಯದಲ್ಲಿ ಮುಗಿಯುವುದಿಲ್ಲ ಅಂತ. ಮನೆಯವರ ಲೆಕ್ಕ ಅವನ ಜೀವದಿಂದ ತಪ್ಪಿತು. ಇಷ್ಟು ಸಣ್ಣ ಹಾಡು ಅಷ್ಟನ್ನು ಹೇಳುತ್ತದೆ.

— ಅಂದರೆ ನಾಯಕಿಯನ್ನೇ ಸಾಯಿಸುವುದು ಹೆಚ್ಚು ಪ್ರಾಮಾಣಿಕ ಅಂತ ನೀವೇ ಹೇಳಿದ ಹಾಗಾಯಿತು. ಆರಂಭದಲ್ಲಿ ಬೇಡ ಅನ್ನುತ್ತಿದ್ದಿರಿ.

— ಬೇಡ ಅಂದದ್ದು ಕೊನೆಯ ಪುಟದ ಸಾವಿಗೆ. ಎಚ್ಚರಿಕೆಗಾಗಿ ಕೊಡುವ ಸಾವಿಗೆ. ಈಗ ನನಗೂ ಅನ್ನಿಸುತ್ತಿದೆ, ನಿಮಗೆ ಅತಿ ದುಬಾರಿಯಾದವಳು ಅವಳೇ. ಹನ್ನೊಂದು ಅಧ್ಯಾಯ ಅವಳ ಕಣ್ಣಿನಲ್ಲಿ ನೋಡಿದ್ದೀರಿ. ಸಾವು ಬರುವುದೇ ಆದರೆ ಅಲ್ಲಿಗೆ ಬರಲಿ. ಆದರೆ ಆಮೇಲೆ ಪುಸ್ತಕ ನಡೆಯಬೇಕು. ಕ್ಯಾಥರೀನ್ ಪ್ಯಾಟರ್ಸನ್ ಹೆಸರು ಕೇಳಿರಬೇಕು.

— ‘ಬ್ರಿಡ್ಜ್ ಟು ಟೆರಬಿಥಿಯಾ’. 1977. ಅದರಲ್ಲೂ ನೀರು. ಮಳೆಗೆ ಉಕ್ಕಿದ ತೊರೆ, ಹಗ್ಗ ಹಿಡಿದು ಜೀಕಿ ದಾಟುವ ಹುಡುಗಿ. ಹಗ್ಗ ಹರಿಯುತ್ತದೆ.

— ಅವರ ಮಗನ ಗೆಳತಿ, ಎಂಟು ವರ್ಷದವಳು, 1974ರಲ್ಲಿ ಸಿಡಿಲು ಬಡಿದು ಹೋದಳು. ಅದೇ ವರ್ಷ ಪ್ಯಾಟರ್ಸನ್‌ಗೂ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿತ್ತು. ಗೆಳತಿಯನ್ನು ಕಳೆದುಕೊಂಡ ಮಗನ ದುಃಖ ಅರ್ಥ ಮಾಡಿಕೊಳ್ಳುವುದಕ್ಕೆ ಆ ಪುಸ್ತಕ ಬರೆದರು. ಸಾವಿನ ಅಧ್ಯಾಯ ಹತ್ತಿರ ಬಂದಾಗ ಬರೆಯಲಾರದೆ ದಿನ ತಳ್ಳಿದರಂತೆ, ನಿಮ್ಮ ಹಾಗೇ. ನಾನು ಅದರಲ್ಲಿ ಮೆಚ್ಚುವುದು ಸಾವನ್ನಲ್ಲ. ಸುದ್ದಿ ತಿಳಿದ ಹುಡುಗ ಮೊದಲು ನಂಬುವುದೇ ಇಲ್ಲ. ಊಟಕ್ಕೆ ಕೂತು ತಿನ್ನುತ್ತಾನೆ. ಸಿಟ್ಟಾಗುತ್ತಾನೆ, ಪುಟ್ಟ ತಂಗಿಗೆ ಹೊಡೆಯುತ್ತಾನೆ, ಅವಳು ಕೊಟ್ಟಿದ್ದ ಬಣ್ಣಗಳನ್ನು ತೊರೆಗೆ ಎಸೆಯುತ್ತಾನೆ. ಶೋಕ ಅಂದರೆ ಅಳುವುದು ಅಂತ ಮಕ್ಕಳಿಗೆ ದೊಡ್ಡವರು ಹೇಳಿಕೊಟ್ಟಿರುತ್ತಾರೆ. ಅಳು ಬಾರದ ಮಗು ತನ್ನಲ್ಲೇ ಏನೋ ಕೊರತೆಯಿದೆ ಅಂದುಕೊಳ್ಳುತ್ತದೆ. ಆ ಪುಸ್ತಕ ಅಂಥ ಮಗುವಿಗೆ ಜೊತೆಗಾರನನ್ನು ಕೊಟ್ಟಿತು.

— ನಮ್ಮಲ್ಲಿ ನಾ. ಡಿಸೋಜ ಅವರು ಮಕ್ಕಳಿಗಾಗಿ ‘ಮುಳುಗಡೆಯ ಊರಿಗೆ ಬಂದವರು’ ಬರೆದರು. ಶರಾವತಿಯ ಹಿನ್ನೀರು ನುಂಗಿದ ಊರುಗಳನ್ನು ಜೀವನವಿಡೀ ಬರೆದವರು. 2011ರಲ್ಲಿ ಅದಕ್ಕೆ ಬಾಲ ಸಾಹಿತ್ಯ ಪುರಸ್ಕಾರ ಬಂತು. ನೀರು ಊರನ್ನೇ ಮುಳುಗಿಸಬಲ್ಲದು ಅನ್ನುವುದನ್ನು ಅವರು ಮಕ್ಕಳಿಂದ ಮುಚ್ಚಿಡಲಿಲ್ಲ.

— ಅವರು ಧೈರ್ಯ ಕೊಡುವ ಹಿರಿಯರು. 2025ರ ಜನವರಿಯಲ್ಲಿ ಹೋಗಿಬಿಟ್ಟರು. ಇರಲಿ, ನಿಮ್ಮ ಪುಸ್ತಕಕ್ಕೆ ಬನ್ನಿ. ಹುಡುಗಿ ಹೋದರೆ ಉಳಿಯುವವರು ಯಾರು ಯಾರು?

— ಅಮ್ಮ. ನರ್ಸು, ರಾತ್ರಿ ಪಾಳಿ. ಅಪ್ಪ. ಊರಿನಲ್ಲಿ ಅಜ್ಜ. ಒಮಾನಿ ಗೆಳತಿ, ಅವಳ ಮನೆಗೇ ಹೊರಟದ್ದು. ಮತ್ತೆ ತಮ್ಮ.

— ತಮ್ಮ! ಅವನು ಪುಸ್ತಕದಲ್ಲಿ ಅಕ್ಕನ ಪೆನ್ಸಿಲ್ ಕದಿಯುವುದಕ್ಕೆ ಮಾತ್ರ ಇದ್ದಾನೆ ಅಂದುಕೊಂಡಿದ್ದೆ.

— ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಮಾತಾಡುತ್ತ ಮಾತಾಡುತ್ತ ಅವನು ಎದುರಿಗೆ ಬಂದು ನಿಂತ. ಹನ್ನೆರಡನೇ ಅಧ್ಯಾಯದಿಂದ ‘ನಾನು’ ಅನ್ನುವವನು ಅವನಾದರೆ? ಮೊದಲೇ ಏಣಿ ಇಡುವುದಿಲ್ಲ. ಎರಡು ಧ್ವನಿ ಹಂಚಿ ಹಂಚಿ ಬರುವುದಿಲ್ಲ. ಹನ್ನೊಂದರವರೆಗೆ ಅವಳು, ಹನ್ನೆರಡಕ್ಕೆ ಪುಟ ತಿರುಗಿಸಿದರೆ ಅವನು. ಓದುವ ಮಗುವಿಗೆ ಧ್ವನಿ ಬದಲಾದದ್ದರಿಂದಲೇ ಗೊತ್ತಾಗಬೇಕು. ಸಾವನ್ನು ವರ್ಣಿಸುವ ಅಗತ್ಯವೇ ಬರುವುದಿಲ್ಲ.

— ಅವನು ಮೊದಲ ವಾಕ್ಯದಲ್ಲಿ ಏನು ಹೇಳುತ್ತಾನೆ?

— ಗೊತ್ತಿಲ್ಲ. ಅಕ್ಕ ಹೋದಳು ಅಂತ ಹೇಳುವುದಿಲ್ಲ. ಶಾಲೆ ಮತ್ತೆ ಶುರುವಾದ ದಿನದ ಬಗ್ಗೆ ಇರಬೇಕು. ಬಸ್ಸಿನಲ್ಲಿ ಅವಳ ಸೀಟಿನಲ್ಲಿ ಯಾರು ಕೂತರು ಅಂತ. ಅವಳ ನೀರಿನ ಬಾಟಲಿ ಇವನ ಪಾಲಿಗೆ ಬಂತು ಅಂತ. ಅಮ್ಮ ರಾತ್ರಿ ಪಾಳಿ ಬಿಟ್ಟು ಹಗಲು ಪಾಳಿ ಕೇಳಿದರು ಅಂತ. ನಡುವೆ ಒಂದು ಅಧ್ಯಾಯ ಅವನಿಗೆ ಅಕ್ಕನ ಮೇಲೆ ಸಿಟ್ಟು. ಒಂದು ಅಧ್ಯಾಯ ಆ ಒಮಾನಿ ಗೆಳತಿಯದು, ಅವಳು ಇವರ ಮನೆಗೆ ಬರಲಾರಳು, ಬಾರದೆ ಇರಲಾರಳು. ಆಮೇಲೆ ಊರಿಗೆ ಹೋಗಬೇಕು. ಸುರಂಗದ ಹತ್ತಿರ ಅಜ್ಜ ಇವನ ಕೈಗೂ ದೀಪ ಕೊಡುತ್ತಾರೆಯೇ, ಕೊಡುವುದಿಲ್ಲವೇ... ಅದು ನನಗೂ ಗೊತ್ತಿಲ್ಲ, ಬರೆದೇ ತಿಳಿಯಬೇಕು.

— ಎಷ್ಟು ಅಧ್ಯಾಯವಾದೀತು?

— ಎಂಟೋ ಒಂಬತ್ತೋ.

— ಹಾಗಾದರೆ ಒಂದು ಕರಾರು. ಅವಳನ್ನು ಸಾಯಿಸುವ ಮೊದಲು ಆ ಅಧ್ಯಾಯಗಳನ್ನು ಬರೆಯಿರಿ. ಎಲ್ಲವನ್ನೂ ಬೇಡ, ನಾಲ್ಕಾದರೂ. ಬರೆಯುವುದಕ್ಕೆ ಆದರೆ, ಆ ಮನೆಯಲ್ಲಿ ಅಷ್ಟು ದಿನ ಇರಲು ನಿಮಗೆ ಸಾಧ್ಯವಾದರೆ, ಆಗ ವಾದಿಯ ನೀರು ಬರಲಿ. ಆಗದಿದ್ದರೆ ಹನ್ನೊಂದನೇ ಅಧ್ಯಾಯವನ್ನು ತಿದ್ದಿ ಅವಳನ್ನು ದಡದಲ್ಲೇ ನಿಲ್ಲಿಸಿಬಿಡಿ. ವಾದಿ ಹರಿಯುವುದನ್ನು ನೋಡಿ ಮನೆಗೆ ಬರಲಿ. ಅದೂ ಒಳ್ಳೆಯ ಪುಸ್ತಕವೇ ಆಗುತ್ತದೆ. ಸತ್ತ ನಾಯಕಿಯಿಂದ ಪುಸ್ತಕ ತಾನಾಗಿ ಗಂಭೀರವಾಗುವುದಿಲ್ಲ.

— ಮಕ್ಕಳು ತಡೆದುಕೊಳ್ಳುತ್ತಾರೆಯೇ? ನೀವು ಇನ್ನೂ ಹೇಳಲಿಲ್ಲ.

— ಸಮದ್ ಅಲ್ ಶಾನಿನ ನಂತರದ ದಿನಗಳಲ್ಲಿ ತಡೆದುಕೊಂಡಿದ್ದಾರಲ್ಲ, ಯಾರ ಪುಸ್ತಕದ ಸಹಾಯವೂ ಇಲ್ಲದೆ. ಅವರು ಸಾವನ್ನು ತಡೆದುಕೊಳ್ಳುತ್ತಾರೆ. ಆಮೇಲೆ ಯಾರೂ ಅದರ ಬಗ್ಗೆ ಮಾತಾಡದೆ ಇರುವುದನ್ನು ತಡೆದುಕೊಳ್ಳುವುದು ಅವರಿಗೆ ಕಷ್ಟ. ನಿಮ್ಮ ಪುಸ್ತಕ ಓದಿ ಯಾರಾದರೂ ಅತ್ತರೆ ನನ್ನ ಹತ್ತಿರ ಕಳಿಸಿ, ನಾನು ಕೂತು ಕೇಳುತ್ತೇನೆ. ತಮ್ಮನಿಗೆ ಎಷ್ಟು ವರ್ಷ?

— ಒಂಬತ್ತು.

— ಹನ್ನೆರಡು ಮಾಡಿ. ಕೊನೆಯ ಅಧ್ಯಾಯದ ಹೊತ್ತಿಗೆ ಅವನು ಅಕ್ಕನ ವಯಸ್ಸಿಗೆ ಬರಬೇಕು. ಅವಳು ಓದಿದ್ದ ತರಗತಿಗೇ ಹೋಗಿ ಕೂರಬೇಕು. ಒಂಬತ್ತಾದರೆ ನೀವು ನಡುವಿನ ವರ್ಷಗಳನ್ನು ಹಾರಿಸಬೇಕಾಗುತ್ತದೆ, ಹಾರಿಸುವುದು ಬೇಡ.

— ಹನ್ನೆರಡಾದರೆ ಪೆನ್ಸಿಲ್ ಕದಿಯುವುದಿಲ್ಲ.

— ಫೋನ್ ಕದಿಯುತ್ತಾನೆ. ಮೊದಲ ಹನ್ನೊಂದು ಅಧ್ಯಾಯದಲ್ಲಿ ಅವನನ್ನು ತಿದ್ದಬೇಕು, ಆದರೆ ಎದ್ದು ಕಾಣುವಂತೆ ಬೇಡ, ಮತ್ತೆ ಏಣಿಯಾಗುತ್ತದೆ. ಬಾಂಗ್ಲಾದ ಹುಡುಗನೂ ಇರಲಿ. ತೋಟಕ್ಕೆ ನೀರು ಬಿಡುವ ಸರದಿ ಅವನದು. ತಮ್ಮ ಅವನ ಜೊತೆ ಮಾತಾಡಲಿ, ಅವನ ಊರಿನ ನದಿಗಳ ಬಗ್ಗೆ ಕೇಳಲಿ. ಅಲ್ಲಿಯ ನೀರು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಎಲ್ಲಿಂದ ಶುರು ಮಾಡುತ್ತೀರಿ, ಹನ್ನೆರಡರಿಂದಲೇ?

— ಇಲ್ಲ. ಹದಿನೈದರಿಂದ, ಅವನಿಗೆ ಸಿಟ್ಟು ಬರುವ ಕಡೆಯಿಂದ. ಅದು ಬರೆಯುವುದಕ್ಕಾದರೆ ಹನ್ನೆರಡಕ್ಕೆ ವಾಪಸು ಬರುತ್ತೇನೆ.